ಮೊದಲು ಬ್ರೇಕು, ಆಮೇಲೆ ಬಣ್ಣ

ಹಳೆಯ ಮನೆಯನ್ನು ಕೊಂಡ ಗೃಹಸ್ಥನು ಮೊದಲು ಸೂರು ಸೋರುವುದೋ ಇಲ್ಲವೋ ನೋಡುತ್ತಾನೆ. ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ತಟ್ಟಿ ನೋಡುತ್ತಾನೆ. ಗೋಡೆಗೆ ಸುಣ್ಣ ಬಳಿಸುವ ಯೋಚನೆ ಬರುವುದು ಕಟ್ಟಕಡೆಗೆ. ಹಳೆಯ ಮೋಟಾರ್ ಸೈಕಲ್ಲನ್ನು ಮೊದಲ ಬಾರಿಗೆ ತನ್ನದಾಗಿಸಿಕೊಂಡ ತರುಣನಾದರೋ ಈ ವಿವೇಕವನ್ನೆಲ್ಲ ಬದಿಗಿಟ್ಟು ನೇರವಾಗಿ ಬಣ್ಣ ಹೊಡೆಯುವವನ ಬಳಿಗೆ ಓಡುತ್ತಾನೆ. ಎರಡು ತಿಂಗಳು ಕಳೆಯುವುದರೊಳಗೆ ಟ್ಯಾಂಕು ಕನ್ನಡಿಯಂತೆ ಹೊಳೆಯುತ್ತದೆ, ಎಂಜಿನ್ನು ಗೋಣಿಚೀಲದಲ್ಲಿರುತ್ತದೆ, ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಆ ಚೀಲಕ್ಕೆ ಉಳಿಯುವ ಹಾದಿ ಗುಜರಿ ಅಂಗಡಿಯದೊಂದೇ.

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಹಳೆಯ ಗಾಡಿ ಎಂದೊಡನೆ ಹಿರಿಯರ ಬಾಯಲ್ಲಿ ಬರುವ ಹೆಸರು ಜಾವಾ. ಅದರ ಬೆನ್ನಿಗೇ ಯೆಜ್ಡಿ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಈ ಎರಡು ಊರುಗಳಿಂದಲೂ ಸುಮಾರು ೬೦ ಕಿಲೋಮೀಟರು ದೂರದ ಮೈಸೂರಿನಲ್ಲಿಯೇ ಅವು ಹುಟ್ಟಿದವು. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಅವುಗಳ ತವರುಮನೆ.

ಹೆಸರಿನ ಮೂಲ ಮಾತ್ರ ಬಹುದೂರದ್ದು. ೧೯೨೯ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ರೋಮನ್ ಲಿಪಿಯಲ್ಲಿ ಬರೆದ ಆ ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರಗಳು ಕೂಡಿ ಹೊಸ ಹೆಸರಾಯಿತು. ಅದು ಅವರ ಉಚ್ಚಾರಣೆಯಲ್ಲಿ 'ಯಾವಾ', ಇಲ್ಲಿಯವರ ಬಾಯಲ್ಲಿ 'ಜಾವಾ'. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರು ಜೆಕೊಸ್ಲೊವಾಕಿಯಾದ ಸಹಯೋಗದಿಂದ ೧೯೬೦ರಲ್ಲಿ ಮೈಸೂರಿನ ಕಂಪೆನಿಯನ್ನು ಸ್ಥಾಪಿಸಿದರು. ೧೯೬೧ರಲ್ಲಿ ಗಾಡಿಗಳು ಹೊರಬರತೊಡಗಿದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ೧೯೭೩ರಿಂದ ಗಾಡಿಗೆ 'ಯೆಜ್ಡಿ' ಎಂಬ ಹೆಸರು ಬಂತು. ೧೯೭೮ರಲ್ಲಿ 'ರೋಡ್‌ಕಿಂಗ್' ಬಂತು. ಕಡಮೆ ಪೆಟ್ರೋಲು ಕುಡಿಯುವ ೧೦೦ ಸಿಸಿ ಗಾಡಿಗಳ ಪೈಪೋಟಿ, ಹೊಗೆಯ ಮೇಲಣ ನಿರ್ಬಂಧ, ಹಣಕಾಸಿನ ಮುಗ್ಗಟ್ಟು ಇವೆಲ್ಲ ಒಟ್ಟಾಗಿ ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಚಾಮರಾಜನಗರವು ತಾನೇ ಒಂದು ಜಿಲ್ಲೆಯಾದದ್ದು ೧೯೯೭ರಲ್ಲಿ. ಎಂದರೆ, ಈ ಜಿಲ್ಲೆಯ ಯಾವ ಕೊಟ್ಟಿಗೆಯಲ್ಲಿ ಯಾದವಗಿರಿಯ ಗಾಡಿ ನಿಂತಿದ್ದರೂ ಅದು ಜಿಲ್ಲೆಗಿಂತ ವಯಸ್ಸಿನಲ್ಲಿ ಹಿರಿದು. ಹಾಳಾದ ಒಂದು ಗಾಡಿಗೆ ಬದಲಾಗಿ ಇನ್ನೊಂದು ಇನ್ನು ಹುಟ್ಟಲಾರದು. ೨೦೧೮ರಲ್ಲಿ ಜಾವಾ ಎಂಬ ಹೆಸರು, ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದುದು ನಿಜ. ಆದರೆ ಅವು ನೀರಿನಿಂದ ತಣಿಯುವ, ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಹೊಸ ಗಾಡಿಗಳು. ಹೆಸರು ಒಂದೇ ಎಂದು ಅದರ ಪಿಸ್ಟನ್ನು ಇದಕ್ಕೆ ಹೊಂದುವುದಿಲ್ಲ. ಆದಕಾರಣ ಬಿಚ್ಚುವ ಮುನ್ನ ಎರಡು ಸಲ ಯೋಚಿಸತಕ್ಕದ್ದು.

ಮೊದಲ ಕೆಲಸ ಸ್ಪ್ಯಾನರಿನದಲ್ಲ, ಕಾಗದಪತ್ರದ್ದು. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ನಂಬರು, ಛಾಸಿ ನಂಬರುಗಳನ್ನು ಗಾಡಿಯ ಮೈಮೇಲಿರುವ ನಂಬರುಗಳೊಡನೆ ಒಂದೊಂದೇ ಅಂಕಿಯಂತೆ ಹೋಲಿಸಿ ನೋಡಬೇಕು. ತುಕ್ಕು, ಜಿಡ್ಡು ಮುಚ್ಚಿದ್ದರೆ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಅಂಕಿಗಳನ್ನು ಉಳಿಯಿಂದ ತಿದ್ದಿದ ಗುರುತು ಕಂಡರೆ ಅಂಥ ಗಾಡಿ ಎಷ್ಟೇ ಅಗ್ಗವಾಗಿ ದೊರೆತರೂ ಬೇಡ. ಬಣ್ಣ ಕೆಟ್ಟರೆ ಬಳಿಸಬಹುದು, ಪಿಸ್ಟನ್ನು ಸವೆದರೆ ಬದಲಿಸಬಹುದು. ಕಳವಿನ ಮಾಲಿಗೆ ಯಾವ ಮೆಕ್ಯಾನಿಕ್ಕನ ಬಳಿಯಲ್ಲಿಯೂ ಮದ್ದಿಲ್ಲ.

ಗಾಡಿ ಕೊಂಡದ್ದಾದರೆ ಹಿಂದಿನ ಒಡೆಯರ ಸಹಿ ಪಡೆದು ೨೯ ಮತ್ತು ೩೦ನೆಯ ನಮೂನೆಗಳನ್ನು ಒಪ್ಪಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಆದರೆ ಈ ಕಡೆಯ ಅನೇಕ ಗಾಡಿಗಳು ಮಾರಾಟದಿಂದ ಕೈ ಬದಲಾಯಿಸುವಂಥವಲ್ಲ. ತಂದೆ ತೀರಿಕೊಂಡ ಮೇಲೆ ಮಕ್ಕಳಿಗೆ ಉಳಿಯುವಂಥವು. ಅಂಥಲ್ಲಿ ೩೧ನೆಯ ನಮೂನೆ, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತವೆ. ಕಾನೂನಿನಂತೆ ಮರಣದ ಸುದ್ದಿಯನ್ನು ೩೦ ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ದುಃಖದ ದಿನಗಳಲ್ಲಿ ಗಾಡಿಯ ಕಾಗದದ ನೆನಪು ಯಾರಿಗೆ ತಾನೇ ಬಂದೀತು? ಹೀಗಾಗಿ ತಂದೆಯ ಹೆಸರಿನಲ್ಲಿಯೇ ಹತ್ತಿಪ್ಪತ್ತು ವರ್ಷ ಉಳಿದುಬಿಡುತ್ತವೆ. ತಡವಾಗಿದ್ದರೂ ಮೊದಲು ಇದನ್ನು ಸರಿಪಡಿಸಿಕೊಳ್ಳುವುದೇ ಲೇಸು. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕುಳಿತು ಸಹಿ ಹಾಕುವ ಕೆಲಸ ಗಾಡಿ ತುಕ್ಕು ಹಿಡಿದಿರುವಾಗ ಸುಲಭ. ರಿಪೇರಿಯಾಗಿ ಬೆಲೆ ಏರಿದ ಮೇಲೆ ಅಷ್ಟು ಸುಲಭವಲ್ಲ.

ಇನ್ನೊಂದು ವಿಚಾರ. ಖಾಸಗಿ ವಾಹನದ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ೫೦ ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ೨೦೨೧ರ ನಿಯಮದಂತೆ 'ವಿಂಟೇಜ್' ಎಂಬ ಬೇರೆ ನೋಂದಣಿಯೂ ಉಂಟು. ಕೇಳಲು ಅದು ಗೌರವದ ಮಾತೇ ಸರಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ ಕೆಲಸಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾರದ ಸಂತೆಗೆ, ತೋಟಕ್ಕೆ, ನೆಂಟರ ಮನೆಗೆ ಹೋಗಬೇಕೆನ್ನುವವರಿಗೆ ಸಾಮಾನ್ಯ ನವೀಕರಣವೇ ತಕ್ಕ ದಾರಿ. ಗಾಡಿ ಓಡಬೇಕೋ, ನಿಲ್ಲಬೇಕೋ ಎಂಬುದನ್ನು ಒಡೆಯನು ಮೊದಲೇ ತೀರ್ಮಾನಿಸಿಕೊಂಡರೆ ಮುಂದಿನ ಖರ್ಚೆಲ್ಲ ಆ ಲೆಕ್ಕದಲ್ಲಿಯೇ ನಡೆಯುತ್ತದೆ.

ಈಗ ಕೈಗೆ ಸ್ಪ್ಯಾನರು ಬರಬಹುದು. ಆದರೂ ಒಮ್ಮೆಲೇ ಎಲ್ಲವನ್ನೂ ಬಿಚ್ಚಿ ಹರಡುವ ಉತ್ಸಾಹ ಒಳ್ಳೆಯದಲ್ಲ. ಬಿಚ್ಚುವ ಮುನ್ನ ನಾಲ್ಕು ಕಡೆಯಿಂದಲೂ ಚಿತ್ರ ತೆಗೆದುಕೊಳ್ಳಬೇಕು. ಯಾವ ತಂತಿ ಯಾವ ಕೇಬಲಿನ ಕೆಳಗೆ ಹಾದುಹೋಗಿದೆ, ಯಾವ ಬೋಲ್ಟಿಗೆ ವಾಷರು ಒಳಗಡೆಯಿದೆ ಎಂಬುದು ಇವತ್ತು ಕಣ್ಣಿಗೆ ಕಾಣುತ್ತಿದ್ದರೂ ನಾಳೆ ನೆನಪಿಗೆ ಬಾರದು. ಕಳಚಿದ ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಮೇಲೆ ಚೀಟಿ ಅಂಟಿಸಬೇಕು. ಒಂದು ಭಾಗವನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕೂಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವ ನಿಯಮವನ್ನು ಇಟ್ಟುಕೊಂಡವನ ಗಾಡಿ ಗೋಣಿಚೀಲ ಸೇರುವುದಿಲ್ಲ.

ಬಹುಕಾಲ ನಿಂತ ಎಂಜಿನ್ನನ್ನು ಬಲವಾಗಿ ಒದ್ದು ಎಬ್ಬಿಸಲು ಹೋಗಬಾರದು. ರಿಂಗು ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ ಆ ಒಂದು ಒದೆತದಲ್ಲಿಯೇ ಮುರಿಯಬಹುದು. ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಎರಡು ಚಮಚ ಎಂಜಿನ್ ಆಯಿಲು ಬಿಟ್ಟು ಮೂರು ನಾಲ್ಕು ದಿನ ಹಾಗೆಯೇ ಇರಗೊಟ್ಟು, ಆಮೇಲೆ ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿ ನೋಡಬೇಕು. ಈ ಗಾಡಿಯಲ್ಲಿ ಕಿಕ್ಕರನ್ನು ಹುಡುಕುವುದೇ ಹೊಸಬನಿಗೆ ಒಂದು ಪರೀಕ್ಷೆ. ಎಡಗಡೆಯ ಗೇರಿನ ಸನ್ನೆಯೇ, ಒಳಕ್ಕೆ ತಳ್ಳಿ ಮೇಲಕ್ಕೆ ತಿರುಗಿಸಿದಾಗ, ಕಿಕ್ಕರಾಗುತ್ತದೆ! ಒಂದೇ ಸನ್ನೆಗೆ ಎರಡು ಕೆಲಸ. ಹಳೆಯ ಮಾದರಿಗಳ ಕೀಲಿಯಂತೂ ಹಲ್ಲಿಲ್ಲದ ಮೊಳೆಯಂಥದು. ಆ ಕೀಲಿಯನ್ನೇ ನಂಬಿ ಸಂತೆಯಲ್ಲಿ ಗಾಡಿ ನಿಲ್ಲಿಸದೆ, ಚಕ್ರಕ್ಕೊಂದು ಸರಪಳಿ ಹಾಕುವುದು ಕ್ಷೇಮ.

ಎಂಜಿನ್ನು ಸಲೀಸಾಗಿ ತಿರುಗಿತೆಂದರೆ ಅದು ಕೇಳುವುದು ಮೂರನ್ನೇ: ಕಿಡಿ, ಪೆಟ್ರೋಲು, ಒತ್ತಡ. ಪ್ಲಗ್ಗನ್ನು ಹೊರಗೆ ತೆಗೆದು ತಂತಿ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಸಿಲಿಂಡರಿಗೆ ತಾಗಿಸಿ ಕಿಕ್ಕರು ಒದ್ದಾಗ ನೀಲಿಯ ಕಿಡಿ ಹಾರಬೇಕು. ಆಗ ಸುತ್ತಮುತ್ತ ಪೆಟ್ರೋಲಿನ ಡಬ್ಬಿ ಇರಕೂಡದು. ಕಿಡಿ ಇಲ್ಲವೆಂದರೆ ಕಾಯಿಲನ್ನು ಶಪಿಸುವ ಮುನ್ನ ಪಾಯಿಂಟುಗಳನ್ನು ನೋಡಬೇಕು. ವರ್ಷಗಟ್ಟಲೆ ನಿಂತ ಪಾಯಿಂಟಿನ ಮೇಲೆ ಕಿಲುಬು ಕಟ್ಟಿರುತ್ತದೆ. ಅದನ್ನು ನವುರಾದ ಉಜ್ಜುಕಾಗದದಿಂದ ತೆಗೆದು, ಸಂದನ್ನು ಸುಮಾರು ೦.೪ ಮಿಲಿಮೀಟರಿಗೆ ಹೊಂದಿಸಿದರೆ ಸತ್ತ ಗಾಡಿಗಳು ಎಷ್ಟೋ ಸಲ ಉಸಿರಾಡುತ್ತವೆ. ಹಳೆಯ ಜಾವಾದ ವಿದ್ಯುತ್ತು ಕೇವಲ ೬ ವೋಲ್ಟಿನದು. ತುಕ್ಕು ಹಿಡಿದ ಒಂದು ಅರ್ತ್ ತಂತಿ ಇಡೀ ಗಾಡಿಯನ್ನು ಕುರುಡಾಗಿಸಲು ಸಾಕು.

ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ವಿಷಕ್ಕೆ ಸಮಾನ. ಅದನ್ನು ಚೆಲ್ಲಿ, ಟ್ಯಾಂಕಿನ ಒಳಗಿನ ತುಕ್ಕು ತೊಳೆದು, ಕಾರ್ಬುರೇಟರಿನ ಜೆಟ್ಟುಗಳನ್ನು ಶುದ್ಧ ಮಾಡಬೇಕು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲಿನವರೆಗೂ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ; ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಪೆಟ್ರೋಲಿನ ಪೈಪು, ವಾಷರುಗಳು ಈ ಕಾಲದವಾಗಿರಲಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲು ಉಳಿಸದಿರುವುದೇ ಒಳ್ಳೆಯದು.

ಇನ್ನು ಒತ್ತಡದ ಮಾತು. ೨೫೦ ಸಿಸಿಯ ಆ ಎಂಜಿನ್ನಿನ ಬೋರು ೬೫ ಮಿಲಿಮೀಟರು, ಸ್ಟ್ರೋಕು ೭೫ ಮಿಲಿಮೀಟರು. ಸಿಲಿಂಡರು ಒಂದೇ, ಸೈಲೆನ್ಸರು ಎರಡು. ಎರಡು ಸ್ಟ್ರೋಕಿನ ಎಂಜಿನ್ನಾದುದರಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕಿನ ಕೋಣೆಯನ್ನು ಹೊಕ್ಕು, ಅಲ್ಲಿ ಒತ್ತಲ್ಪಟ್ಟು ಮೇಲೇರುತ್ತದೆ. ಆ ಕೋಣೆಯ ಎರಡು ಕಿವಿಗಳಲ್ಲಿ ಕುಳಿತಿರುವ ಆಯಿಲ್ ಸೀಲುಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಆದರೆ ಎಂಜಿನ್ನಿನ ಆಯುಸ್ಸು ಇರುವುದು ಅವುಗಳಲ್ಲಿ. ಎಡಗಡೆಯ ಸೀಲು ಹೋದರೆ ಕ್ಲಚ್ಚಿನ ಕಡೆಯ ಗೇರು ಆಯಿಲು ಒಳಕ್ಕೆ ಸೇದಿಕೊಂಡು ಬಿಳಿಯ ಹೊಗೆ ಬೀದಿಯನ್ನೆಲ್ಲ ತುಂಬುತ್ತದೆ. ಗೇರು ಪೆಟ್ಟಿಗೆಯ ಆಯಿಲು ಕಾರಣವಿಲ್ಲದೆ ಕಡಮೆಯಾಗುತ್ತದೆ. ಬಲಗಡೆಯ ಡೈನಮೋದ ಹಿಂದಿರುವ ಸೀಲು ಹೋದರೆ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವ ಗಾಡಿಯಲ್ಲಿ ಹಿಂದಿನ ಚಕ್ರ ಏಕಾಏಕಿ ಹಿಡಿದು ನಿಂತರೆ ಸವಾರನ ಗತಿಯೇನು? ಬಣ್ಣಕ್ಕೆ ಕೊಡುವ ಹಣದಲ್ಲಿ ಚಿಕ್ಕದೊಂದು ಪಾಲು ಈ ಎರಡು ರಬ್ಬರಿನ ಬಳೆಗಳಿಗೆ ಹೋದರೆ ಆ ಅಪಾಯ ತಪ್ಪುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ೨೫ಕ್ಕೆ ೧ ಎಂಬ ಪ್ರಮಾಣವೆಂದರೆ ಲೀಟರಿಗೆ ೪೦ ಮಿಲಿಲೀಟರು. ಆಯಾ ಮಾದರಿಯ ಕೈಪಿಡಿ ಹೇಳಿದಷ್ಟನ್ನು ಅಳತೆಯ ಲೋಟದಿಂದಲೇ ಬೆರೆಸಬೇಕು. ಕಣ್ಣಳತೆ ಅಡುಗೆಮನೆಗೆ ಸರಿ, ಇಲ್ಲಿಗೆ ಸಲ್ಲದು. ಇದರಿಂದ ಇನ್ನೊಂದು ಸೂಕ್ಷ್ಮವೂ ಹುಟ್ಟುತ್ತದೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹಾದಿಯಲ್ಲಿ ಡಿಂಬಂ ಘಾಟಿಯ ೨೭ ತಿರುವುಗಳಿವೆ. ಅಂಥ ಉದ್ದ ಇಳಿಜಾರಿನಲ್ಲಿ ಆಕ್ಸಲರೇಟರನ್ನು ಪೂರ್ತಿ ಮುಚ್ಚಿ, ಎಂಜಿನ್ನಿನ ಹಿಡಿತದಲ್ಲಿಯೇ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಂತುಹೋಗುತ್ತದೆ. ಎಂಜಿನ್ನು ಮಾತ್ರ ಗಿರಗಿರನೆ ತಿರುಗುತ್ತಿರುತ್ತದೆ. ನಡುನಡುವೆ ಆಕ್ಸಲರೇಟರನ್ನು ತುಸು ತೆರೆದು ಅದಕ್ಕೆ ಒಂದು ಗುಟುಕು ಎಣ್ಣೆ ಕೊಡುತ್ತ ಇಳಿಯುವುದು ಹಳೆಯ ಸವಾರರ ಪದ್ಧತಿ.

ಹೀಗೆ ಇಳಿಯಬೇಕಾದರೆ ಬ್ರೇಕು ಬೇಕೇಬೇಕು. ಗಾಡಿಯನ್ನು ಓಡಿಸುವ ಆತುರದಲ್ಲಿ ನಿಲ್ಲಿಸುವ ಉಪಾಯವನ್ನು ಮರೆಯುವುದೇ ಹೊಸ ಒಡೆಯನ ದೊಡ್ಡ ತಪ್ಪು. ಹಿಂದೆಮುಂದೆ ಎರಡು ಕಡೆಯೂ ಡ್ರಮ್ ಬ್ರೇಕುಗಳು. ಡ್ರಮ್ಮಿನ ಒಳಮೈ ಗೀರುಬಿದ್ದು ಸವೆದಿದ್ದರೆ ಲೇತಿನಲ್ಲಿ ಹಿಡಿಸಿ, ಹೊಸ ಲೈನಿಂಗ್ ಹಾಕಿಸಬೇಕು. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದನ್ನು ಬಾಯಿಂದ ಊದುವುದಾಗಲಿ, ಗಾಳಿಯ ಪೈಪಿನಿಂದ ಹಾರಿಸುವುದಾಗಲಿ ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಬ್ರೇಕು, ಕ್ಲಚ್ಚುಗಳ ಕೇಬಲುಗಳನ್ನು ಒಂದು ಎಳೆ ಹರಿದಿದ್ದರೂ ಬದಲಿಸುವುದು ಮೇಲು. ಜಾವಾದ ಹಿಂದಿನ ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗಿರುತ್ತದೆ. ಧೂಳಿನಿಂದ ಕಾಪಾಡುವ ಆ ಪೆಟ್ಟಿಗೆಯೇ ಸವೆದ ಚೈನನ್ನೂ ಕಣ್ಣಿಗೆ ಮರೆಮಾಡುತ್ತದೆ. ಬಿಚ್ಚಿ ನೋಡದೆ ನಂಬಬಾರದು.

ಟೈರಿನ ವಿಷಯವೂ ಹಾಗೆಯೇ. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷಗಳ ಅಂಕಿ ಅಚ್ಚಾಗಿರುತ್ತದೆ. ೨೦೦೦ದಿಂದೀಚಿನ ಟೈರಿಗೆ ನಾಲ್ಕು ಅಂಕಿ. ಮೂರೇ ಅಂಕಿ ಇದ್ದರೆ ಅದು ಹಿಂದಿನ ಶತಮಾನದ ಮಾಲು. ಅಂಥ ಟೈರಿನ ಮೇಲಣ ಕಚ್ಚು ಎಷ್ಟೇ ಆಳವಾಗಿ ಉಳಿದಿದ್ದರೂ ರಬ್ಬರು ಗಟ್ಟಿಯಾಗಿ ಬಿರುಕುಬಿಟ್ಟಿರುತ್ತದೆ. ಕೊಟ್ಟಿಗೆಯಲ್ಲಿ ನೆರಳಿನಲ್ಲಿಯೇ ಇತ್ತೆಂಬ ಮಾತಿಗೆ ಮರುಳಾಗಿ ಅದರ ಮೇಲೆ ಹೆದ್ದಾರಿಗೆ ಇಳಿಯಬಾರದು.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆಗೆ ಹಾದಿ ಹುಡುಕಬೇಕಾಗಿಲ್ಲ. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ರಸ್ತೆ ಅದಕ್ಕೆಂದೇ ಹಾಸಿದಂತಿದೆ. ಇಕ್ಕೆಲಗಳಲ್ಲಿ ಅರಿಸಿನ, ಬಾಳೆ, ಸಾಂಬಾರು ಈರುಳ್ಳಿಯ ಹೊಲಗಳು. ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆಯ ಕಡೆ ಸೂರ್ಯಕಾಂತಿ, ಚೆಂಡುಹೂವಿನ ಹಳದಿ. ಹೊಸ ಪಿಸ್ಟನ್ನು ಹಾಕಿಸಿದ್ದರೆ ಮೊದಲ ದಿನಗಳಲ್ಲಿ ಅವಸರ ಸಲ್ಲದು. ತೆರಕಣಾಂಬಿಯವರೆಗೆ ಹೋಗಿ, ನಿಲ್ಲಿಸಿ, ಎಂಜಿನ್ನು ತಣಿದ ಮೇಲೆ ಪ್ಲಗ್ಗನ್ನು ತೆಗೆದು ನೋಡಲಿ. ಅದರ ತುದಿ ಹುರಿದ ಕಾಫಿಬೀಜದ ಬಣ್ಣಕ್ಕಿದ್ದರೆ ಎಲ್ಲವೂ ಸರಿ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿದೆ, ಇನ್ನು ಮುಂದಕ್ಕೆ ಓಡಿಸಬಾರದು.

ಗುಂಡ್ಲುಪೇಟೆಯಿಂದ ಮುಂದೆ ರಸ್ತೆ ಕವಲೊಡೆದು ಒಂದು ಸುಲ್ತಾನ್ ಬತ್ತೇರಿಯ ಕಡೆಗೂ, ಇನ್ನೊಂದು ಬಂಡೀಪುರದ ಮೂಲಕ ಊಟಿಯ ಕಡೆಗೂ ಹೋಗುತ್ತದೆ. ಎರಡೂ ಕಾಡಿನ ಹಾದಿಗಳೇ. ೨೦೦೯ರಿಂದ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ಅಲ್ಲಿ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಸಂಜೆಯ ಹೊತ್ತಿನಲ್ಲಿ ಆನೆ ದಾಟುವ ಜಾಗದಲ್ಲಿ ಕೆಟ್ಟುನಿಂತ ಗಾಡಿಯನ್ನು ಒದೆಯುತ್ತ ಕೂರುವುದು ಯಾರಿಗೂ ಬೇಡವಾದ ಸಾಹಸ. ನೂರಾರು ಕಿಲೋಮೀಟರು ಊರಿನ ಸುತ್ತಮುತ್ತಲೇ ಓಡಿ ನಂಬಿಕೆ ಗಳಿಸಿದ ಮೇಲೆ ಆ ಕಡೆಗೆ ತಿರುಗಿಸಿದರೆ ಸಾಕು.

ಕೊನೆಗೆ ಉಳಿದದ್ದು ಬಣ್ಣ. ಇಲ್ಲಿ ಆತುರವಿಲ್ಲ, ಹಣ ಕೂಡಿದಾಗ ಮಾಡಿಸಬಹುದು. ಆರ್.ಸಿ. ಪುಸ್ತಕದಲ್ಲಿ ನಮೂದಾದ ಬಣ್ಣವನ್ನೇ ಬಳಿಸಿದರೆ ಕಚೇರಿಗೆ ಅಲೆಯುವ ಕೆಲಸವೂ ಇಲ್ಲ. ಆದರೆ ಮೊದಲು ಸಾಬೂನು ನೀರಿನಿಂದ ತೊಳೆದು, ಮೇಣ ಹಚ್ಚಿ ಉಜ್ಜಿ ನೋಡಬೇಕು. ಜಿಡ್ಡಿನ ಕೆಳಗೆ ಯಾದವಗಿರಿಯಲ್ಲಿ ಬಳಿದ ಬಣ್ಣವೇ ಇನ್ನೂ ಗಟ್ಟಿಯಾಗಿ ಉಳಿದಿರಬಹುದು. ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಸಬಹುದು. ಮೊದಲ ಬಣ್ಣ ಇರುವುದು ಒಂದೇ ಸಲ. ಟ್ಯಾಂಕಿನ ಎರಡು ಪಕ್ಕದಲ್ಲಿ ಮೊಣಕಾಲು ತಾಗಿ ಸವೆದ ಗುರುತು ಕಂಡರೆ ಅದು ಯಾರ ಮೊಣಕಾಲಿನದು ಎಂದು ಮನೆಯವರಿಗೆ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಆ ಗಾಡಿಯ ಮೇಲೆ ರೇಷ್ಮೆಗೂಡಿನ ಮೂಟೆಯನ್ನೋ, ಶಾಲೆಗೆ ಹೊರಟ ಮಕ್ಕಳನ್ನೋ ಹೊತ್ತು ಸಾಗಿದ ತಂದೆಯ ಸಹಿ ಅದು. ಅದನ್ನು ಉಜ್ಜಿ ಅಳಿಸಲು ಅರ್ಧ ಗಂಟೆ ಸಾಕು. ಮತ್ತೆ ಬರೆಯಿಸಲು ಯಾರಿಂದಲೂ ಆಗದು.

ಗಾಡಿ ಸಿದ್ಧವಾದ ದಿನ ಒಡೆಯನು ಒಂದು ನೋಟುಪುಸ್ತಕವನ್ನು ತೆರೆಯಲಿ. ಯಾವ ದಿನ ಯಾವ ಸೀಲು ಹಾಕಿತು, ಪಿಸ್ಟನ್ನು ಯಾವ ಅಳತೆಯದು, ಪೆಟ್ರೋಲಿಗೆ ಎಣ್ಣೆಯ ಪ್ರಮಾಣವೆಷ್ಟು, ಮುರಿದ ಭಾಗಕ್ಕೆ ಬದಲಾಗಿ ಲೇತಿನಲ್ಲಿ ಮಾಡಿಸಿದ್ದು ಯಾವುದು ಎಂಬುದನ್ನೆಲ್ಲ ತಾರೀಖು ಸಹಿತ ಬರೆದಿಡಲಿ. ಈ ಗಾಡಿಗಳ ಮರ್ಮ ತಿಳಿದ ಮೆಕ್ಯಾನಿಕರಿಗೆ ಈಗ ತಲೆ ನರೆತಿದೆ. ಅವರು ಕೈಯಲ್ಲಿ ಬಲ್ಲದ್ದು ಕಾಗದದ ಮೇಲೆ ಬಂದಿರುವುದು ಕಡಮೆ. ಅವರ ಪಕ್ಕದಲ್ಲಿ ಕುಳಿತು, ಸ್ಪ್ಯಾನರು ಕೊಡುತ್ತ, ಕೇಳಿ ಬರೆದುಕೊಂಡರೆ ಆ ನೋಟುಪುಸ್ತಕವೇ ಗಾಡಿಯ ಎರಡನೆಯ ಆರ್.ಸಿ. ಆಗುತ್ತದೆ. ಮುಂದೊಂದು ದಿನ ಮಗನೋ ಮಗಳೋ ಅದೇ ಗಾಡಿಯನ್ನು ಎಬ್ಬಿಸಬೇಕಾಗಿ ಬಂದಾಗ, ಎಲ್ಲಿಂದ ತೊಡಗಬೇಕೆಂದು ಹೇಳಲು ಅದರ ಮೊದಲ ಪುಟ ಸಾಕಾದೀತು.